ಮೊದಲ ಸಾಲಿನ ಕೊಡೆ

ಸಾನ್‌ರೆಮೊ ಎಂಬ ಕಡಲೂರಿನ ‘ಅವ್ರೋರ’ ಬೀಚಿನಲ್ಲಿ ಮೊದಲ ಸಾಲಿನ ಕೊಡೆ ಸಿಗಬೇಕಾದರೆ ಯಾರಾದರೂ ಸಾಯಬೇಕು. ಇದು ಕೊಂಕಿನ ಮಾತಲ್ಲ, ಅಲ್ಲಿನ ಪದ್ಧತಿಯೇ ಹಾಗೆ. ಕಡಲಿಗೆ ಕಾಲು ತಾಗುವಂತಿರುವುದು ಮೊದಲ ಸಾಲು, ಅದರ ಹಿಂದೆ ಎರಡನೆಯದು, ಹೀಗೆ ನೀಲಿ ಬಿಳಿ ಪಟ್ಟೆಯ ಕೊಡೆಗಳು ಒಂಬತ್ತು ಸಾಲು. ಯಾವ ಮನೆತನ ಯಾವ ಕೊಡೆಯಡಿ ಎಂಬುದು ಅಜ್ಜಂದಿರ ಕಾಲದಲ್ಲೇ ತೀರ್ಮಾನವಾಗಿದೆ. ಮುಂದಿನವರು ಸತ್ತರೆ, ದಿವಾಳಿಯಾದರೆ, ಇಲ್ಲವೇ ಗಂಡ ಹೆಂಡತಿ ಜಗಳಾಡಿ ಬೇರೆಯಾದರೆ ಒಂದು ಜಾಗ ಖಾಲಿಯಾಗುತ್ತದೆ. ಊರಿನಲ್ಲಿ ಜೂಜಿನ ಅರಮನೆಯಿದೆ, ತಾಳೆಮರದ ಬೀದಿಯಿದೆ, ಬಂದರಿನಲ್ಲಿ ಸಿರಿವಂತರ ಬಿಳಿ ಹಡಗುಗಳಿವೆ. ಆದರೂ ಯಾರು ಯಾರಿಗೆ ಮೊದಲು ನಮಸ್ಕಾರ ಹೇಳಬೇಕು ಎಂಬುದನ್ನು ನಿರ್ಧರಿಸುವುದು ಕೊಡೆಯ ಸಾಲೇ.

ಎರ್ಮೆತೆ ಬೊಲ್ಯೊನೆಯದು ಒಂಬತ್ತನೆಯ ಸಾಲು. ಅವನಿಗೆ ಬೆಟ್ಟದಾಚೆ ಮೊಂದೊವಿಯಲ್ಲಿ ಗುಂಡಿ, ದಾರ, ಲೇಸು ಮಾರುವ ಅಂಗಡಿಯಿತ್ತು. ಮದುವೆಯಾದಂದಿನಿಂದ ಪ್ರತಿ ಆಗಸ್ಟಿನಲ್ಲೂ ಅಂಗಡಿಗೆ ಬೀಗ ಜಡಿದು, ಹೆಂಡತಿ ದೆಲ್ಫೀನಾಳನ್ನೂ ಅತ್ತೆ ಒರ್ಸೊಲಜ್ಜಿಯನ್ನೂ ಪುಟ್ಟ ಕಾರಿಗೆ ತುಂಬಿ, ಅದರ ನೆತ್ತಿಯ ಮೇಲೆ ಪೆಟ್ಟಿಗೆಗಳನ್ನು ಬಿಗಿದು ಇಲ್ಲಿಗೆ ಬರುತ್ತಿದ್ದ. ಅವರ ಕೊಡೆಯ ಎಡಕ್ಕೆ ಮೈ ತೊಳೆಯುವ ನಲ್ಲಿ, ಹಿಂದಕ್ಕೆ ಬಟ್ಟೆ ಬದಲಿಸುವ ಮರದ ಕೋಣೆಗಳು, ಮುಂದಕ್ಕೆ ಎಂಟು ಸಾಲು ಕೊಡೆ. ಅಲ್ಲಿಂದ ಕಡಲು ಕೇಳಿಸುತ್ತಿತ್ತು, ಕಾಣಿಸುತ್ತಿರಲಿಲ್ಲ.

ನೀರಿಗಿಳಿದು ಬರಲು ಅಡ್ಡಿಯೇನೂ ಇರಲಿಲ್ಲ. ಆದರೆ ದೆಲ್ಫೀನಾಳಿಗೆ ಬೇಕಿದ್ದುದು ಕುಳಿತು ನೋಡುವುದು. ಕಾಲು ಚಾಚಿ, ಕೈಗೆ ಕೆಲಸವಿಲ್ಲದೆ, ಇಡೀ ಮಧ್ಯಾಹ್ನ ಸುಮ್ಮನೆ ಕಡಲು ನೋಡುವುದು. ಈ ಸಲ ಬರುವ ದಾರಿಯಲ್ಲಿ ಅವಳು ಕಡ್ಡಿ ಮುರಿದಂತೆ ಹೇಳಿದ್ದಳು.

"ಮದ್ವೆಗೆ ಮುಂಚೆ ಏನಂದಿದ್ರಿ? ಕಡಲು ತೋರಿಸ್ತೀನಿ ಅಂದಿದ್ರಿ. ತೋರಿಸಿದ್ದೇನು? ಎಂಟನೇ ಸಾಲಿನೋರ ಬೆನ್ನು! ಈ ಸಲ ಕೂತಲ್ಲಿಂದ ಕಡಲು ಕಾಣ್ಲಿಲ್ವೋ, ಮುಂದಿನ ವರ್ಷ ನಾನು ಬೆಟ್ಟದ ಮೇಲೆ ಅಕ್ಕನ ಮನೆಗೆ ಹೋಗೋಳೇ. ನೀವು ನಮ್ಮಮ್ಮನ್ನ ಕರ್ಕೊಂಡು ಇಲ್ಲಿಗೆ ಬನ್ನಿ, ಇಬ್ಬರೇ."

ಹಿಂದಿನ ಸೀಟಿನಿಂದ ಒರ್ಸೊಲಜ್ಜಿ, "ನನಗೇನು, ಬರ್ತೀನಿ. ಅಳಿಯಂದ್ರು ಕಿಟಕಿ ಮುಚ್ಚಿದ್ರೆ ಸಾಕು, ಕತ್ತಿಗೆ ಗಾಳಿ ಹೊಡೀತಿದೆ" ಎಂದರು. ಅತ್ತೆಯೊಂದಿಗೆ ಇಬ್ಬರೇ ಕಳೆಯುವ ಆಗಸ್ಟ್ ತಿಂಗಳನ್ನು ನೆನೆದು ಎರ್ಮೆತೆ ತಿರುವಿನಲ್ಲಿ ಕಾರನ್ನು ಇನ್ನೇನು ಗೋಡೆಗೆ ಗುದ್ದುವುದರಲ್ಲಿದ್ದ.

ಇಂಥ ಸಂಕಟದಲ್ಲೂ ಅವನು ಒಂದು ಶೋಕಿ ಬಿಟ್ಟಿರಲಿಲ್ಲ. ಸಾನ್‌ರೆಮೊದಲ್ಲಿ ಸಾನ್‌ರೆಮೊದವರಂತೆ ಕಾಣಬೇಕೆಂದು ದೊಡ್ಡ ಕಪ್ಪು ಕನ್ನಡಕ ಕೊಂಡಿದ್ದ. ಅವನಿಗೆ ನಂಬರಿನ ಕನ್ನಡಕವಿಲ್ಲದೆ ಎರಡು ಗುಂಡಿಗಳ ಬಣ್ಣವೂ ಗೊತ್ತಾಗುತ್ತಿರಲಿಲ್ಲ. ಕನ್ನಡಕದ ಮೇಲೆ ಕನ್ನಡಕ ಹಾಕಲಾಗದ್ದರಿಂದ ದೃಷ್ಟಿಯನ್ನು ಜೇಬಿನಲ್ಲಿಟ್ಟು ಗತ್ತನ್ನು ಮೂಗಿನ ಮೇಲಿಟ್ಟುಕೊಂಡ.

ಮರುದಿನ ಬೆಳಿಗ್ಗೆ ಆ ಗತ್ತಿನಲ್ಲೇ ಫೊಕಾಚ್ಚ ರೊಟ್ಟಿ ಕೊಂಡು ತಿನ್ನುತ್ತ ಬರುತ್ತಿದ್ದ. ಅಲ್ಲಿ ಯಾರಾದರೂ ತೀರಿಕೊಂಡರೆ ಕಪ್ಪು ಅಂಚಿನ ಕಾಗದ ಅಚ್ಚು ಹಾಕಿಸಿ ಬೀದಿಯ ಗೋಡೆಗೆ ಅಂಟಿಸುತ್ತಾರೆ. ಮನೆಯವರದೊಂದು ಕಾಗದವಾದರೆ, ಮರ್ಯಾದಸ್ಥ ಸ್ನೇಹಿತರು ತಮಗೂ ದುಃಖವಾಗಿದೆ ಎಂದು ತಮ್ಮದೊಂದು ಬೇರೆಯೇ ಅಂಟಿಸುವುದುಂಟು. ಅದರಲ್ಲಿ ದುಃಖಪಟ್ಟವರ ಹೆಸರು ದಪ್ಪಕ್ಕೂ ಸತ್ತವರ ಹೆಸರು ಸಣ್ಣಕ್ಕೂ ಇರುತ್ತದೆ. ಕಣ್ಣು ನೆಟ್ಟಗಿರುವವರು ಎರಡನ್ನೂ ಓದುತ್ತಾರೆ. ಎರ್ಮೆತೆಯ ಕಣ್ಣು ಜೇಬಿನಲ್ಲಿತ್ತು. ಅವನಿಗೆ ಕಂಡದ್ದು ಕಪ್ಪು ಅಂಚು, ಒಂದು ಶಿಲುಬೆ, ನಡುವೆ ದಪ್ಪಕ್ಷರದಲ್ಲಿ ‘ವಕೀಲ ಫೊಸ್ಕೊ ಕಸ್ತಾಲ್ದಿ’ ಎಂಬ ಹೆಸರು.

ವಕೀಲ ಕಸ್ತಾಲ್ದಿ! ಮೊದಲ ಸಾಲು, ನಟ್ಟನಡುವಿನ ಕೊಡೆ. ಎರ್ಮೆತೆ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡ. ಬೀದಿಯ ಮೂಲೆ ತಿರುಗುವವರೆಗೂ ಅವನು ನಿಜವಾಗಿ ದುಃಖಪಟ್ಟನೆಂದು ಹೇಳಲೇಬೇಕು. ಮೂಲೆ ತಿರುಗಿದ ಮೇಲೆ ಕೊಡೆ ನೆನಪಾಯಿತು, ಓಡತೊಡಗಿದ.

ಬೀಚಿನ ಯಜಮಾನ ಬಚಿಚ್ಚ ಕೊರಳಲ್ಲಿ ಸೀಟಿ ನೇತುಹಾಕಿಕೊಂಡು ಮರಳು ಗುಡಿಸುತ್ತಿದ್ದ. ಕೊಡೆಗಳನ್ನು ಹಂಚುವವನೂ, ಮುಳುಗುವವರನ್ನು ಎಳೆದು ತರುವವನೂ, ಜಗಳ ಬಿಡಿಸುವವನೂ ಅವನೇ.

"ಬಚಿಚ್ಚಣ್ಣ, ವಕೀಲ್ರು ಹೋಗ್ಬಿಟ್ರು!"

"ಎಲ್ಲಿಗೆ?"

"ಮೇಲಕ್ಕೆ."

ಬಚಿಚ್ಚ ಒಮ್ಮೆ ಮೇಲಿನ ರಸ್ತೆಯತ್ತ ನೋಡಿದ. ಅರ್ಥವಾದ ಮೇಲೆ ಟೋಪಿ ತೆಗೆದ. "ಅಯ್ಯೋ ದೇವ್ರೇ! ಅದಕ್ಕೇ ಎರಡು ದಿನದಿಂದ ಪತ್ತೆಯಿಲ್ಲ. ನಿಮಗೆ ಯಾರು ಹೇಳಿದ್ರು? ನಿಮಗೆ ಅವ್ರ ಪರಿಚಯ ಇತ್ತಾ?"

ಇತ್ತು ಎನ್ನುವುದಾದರೆ ಇತ್ತು. ಇಷ್ಟು ವರ್ಷಗಳಲ್ಲಿ ವಕೀಲರು ಅವನೊಂದಿಗೆ ಒಮ್ಮೆ ಮಾತಾಡಿದ್ದರು. "ಸ್ವಲ್ಪ ಪಕ್ಕಕ್ಕೆ ನಿಲ್ಲಪ್ಪ, ಬಿಸಿಲಿಗೆ ಅಡ್ಡ" ಎಂದಿದ್ದರು. ಆದರೆ ಒಂಬತ್ತನೆಯ ಸಾಲಿನವನಿಗೆ ಮೊದಲ ಸಾಲಿನ ಸಾವು ಮೊದಲು ತಿಳಿದಿದೆ ಎಂದ ಮೇಲೆ ಅದಕ್ಕೊಂದು ಘನತೆ ಬೇಡವೇ?

"ಪರಿಚಯ ಅಂದ್ರೆ ಏನು ಬಚಿಚ್ಚಣ್ಣ? ನಮ್ಮಿಬ್ಬರದು..." ಎಂದು ಶುರುಮಾಡಿದ. ಬಾಯಲ್ಲಿದ್ದ ಫೊಕಾಚ್ಚ ಗಂಟಲಿಗೆ ಸಿಕ್ಕಿ ಕಣ್ಣಲ್ಲಿ ನೀರು ಬಂತು, ಮಾತು ನಿಂತಿತು. ಬಚಿಚ್ಚ ಅದನ್ನು ಬೇರೆಯೇ ರೀತಿ ತಿಳಿದು ಅವನ ಬೆನ್ನು ಸವರಿದ.

ಸುದ್ದಿ ಸಾಲಿನಿಂದ ಸಾಲಿಗೆ ಹಾರಿತು. ಹೆಂಗಸರು ಕಣ್ಣೊರೆಸಿಕೊಂಡರು, ಗಂಡಸರು ಟೋಪಿ ತೆಗೆದರು. ಎಲ್ಲರ ಕಣ್ಣೂ ನಡುವಿನ ಖಾಲಿ ಕುರ್ಚಿಯನ್ನು ಅಳತೆ ಮಾಡುತ್ತಿತ್ತು. ಅದರ ನೇರ ಹಿಂದೆ ಎರಡನೆಯ ಸಾಲಿನಲ್ಲಿ ರಾವಿಚ್ಚ ಇದ್ದರು. ಅವರಿಗೆ ಸರ್ಕಾರ ಕೊಟ್ಟ ‘ಕೊಮೆಂದತೋರೆ’ ಎಂಬ ಬಿರುದಿತ್ತು, ಅದನ್ನು ಬಿಟ್ಟು ಕರೆದರೆ ತಿರುಗಿ ನೋಡುತ್ತಿರಲಿಲ್ಲ. ಅವರ ಪಕ್ಕದಲ್ಲಿ ವಿಧವೆ ಪೆದೆಮೊಂತೆ ಇದ್ದರು. ಅವರಿಗೆ ಬಿರುದಿರಲಿಲ್ಲ, ಬಾಯಿ ಇತ್ತು.

ಕೊಮೆಂದತೋರೆ ಗಂಟಲು ಸರಿಮಾಡಿಕೊಂಡರು. "ಪಾಪ, ದೊಡ್ಡ ಮನುಷ್ಯ. ಬಚಿಚ್ಚ, ನನ್ನ ಕುರ್ಚೀನ ಅಲ್ಲಿಗೆ ಹಾಕು. ದುಃಖದಲ್ಲಿ ನಿಲ್ಲೋಕಾಗ್ತಿಲ್ಲ."

"ಅಬ್ಬಬ್ಬಾ! ದುಃಖ ಬಂದ್ರೆ ಇದ್ದಲ್ಲೇ ಕೂತ್ಕೊಳ್ಳಿ!" ಎಂದರು ಪೆದೆಮೊಂತೆ. "ಅವರು ನಿಮಗೆ ಟೋಪಿ ಮುಟ್ಟಿ ನಮಸ್ಕಾರ ಹೇಳ್ತಿದ್ರು. ನನಗೆ ಪೂರ್ತಿ ತೆಗೆದು ಹೇಳ್ತಿದ್ರು. ಇಡೀ ಬೀಚು ನೋಡಿದೆ!"

"ತಲೆ ಬೆವರಿತ್ತು, ತೆಗೆದ್ರು."

"ನಿಮ್ಮ ತಲೆಗೆ ಏನಾಗಿದೆ ಅಂತ ನಾನು ಹೇಳ್ಲಾ?"

ಮೂರನೆಯ ಸಾಲು ಕೊಮೆಂದತೋರೆಯ ಪರ, ನಾಲ್ಕನೆಯದು ಪೆದೆಮೊಂತೆಯವರ ಪರ. ಐದನೆಯ ಸಾಲಿನಲ್ಲಿ ಗಂಡ ಒಂದು ಪಕ್ಷ, ಹೆಂಡತಿ ಇನ್ನೊಂದು. ಬಚಿಚ್ಚ ಕಿವಿ ಕಿತ್ತುಹೋಗುವಂತೆ ಸೀಟಿ ಊದಿದ.

"ಇಬ್ಬರಿಗೂ ಇಲ್ಲ! ಸತ್ತವರಿಗೆ ಹತ್ತಿರದವರು ಯಾರೋ ಅವರೇ ಕೂತ್ಕೊಳ್ಳಿ. ಬೊಲ್ಯೊನೆಯವ್ರೇ, ನೀವು ಬನ್ನಿ. ಬೆಳಿಗ್ಗೆಯಿಂದ ಅತ್ತಿದ್ದು ನೀವೊಬ್ಬರೇ. ಊಟಕ್ಕೆ ಮುಂಚೆ ಅವರ ಬಗ್ಗೆ ನಾಲ್ಕು ಮಾತೂ ಆಡ್ಬೇಕು."

ಆಗಲೇ ನಿಜ ಹೇಳಿಬಿಡಬಹುದಿತ್ತು. ಎರ್ಮೆತೆ ಬಾಯಿ ತೆರೆದದ್ದೂ ಉಂಟು. ಆದರೆ ಅಷ್ಟರಲ್ಲಿ ದೆಲ್ಫೀನಾ ಟವೆಲು ಎದೆಗವಚಿಕೊಂಡು ಮರಳಿನಲ್ಲಿ ಓಡಿಬರುವುದು ಅವನ ಮಬ್ಬುಗಣ್ಣಿಗೂ ಕಂಡಿತು. ಅವಳು ಕುರ್ಚಿಯಲ್ಲಿ ಕುಳಿತು ಕಾಲು ಚಾಚಿದಳು. ಅಂಗಾಲಿನ ಮುಂದೆ ಕಡಲು, ಅದರ ಮುಂದೆಯೂ ಕಡಲು.

"ರೀ," ಎಂದಳು, ಮದುವೆಯ ಹೊಸತರಲ್ಲಿ ಕರೆಯುತ್ತಿದ್ದಂತೆ. ಎರ್ಮೆತೆ ತೆರೆದ ಬಾಯಿ ಮುಚ್ಚಿಕೊಂಡ.

ಒರ್ಸೊಲಜ್ಜಿ ಮಾತ್ರ ಜಪ್ಪಯ್ಯ ಎಂದರೂ ಏಳಲಿಲ್ಲ. "ಅಲ್ಲಿ ಕತ್ತಿಗೆ ಗಾಳಿ ಹೊಡೆಯುತ್ತೆ. ಸತ್ತ ವಕೀಲನೂ ಅದರಿಂದ್ಲೇ ಸತ್ತಿರ್ತಾನೆ" ಎಂದು, ತರಕಾರಿ ತುಂಬಿ ಬೇಯಿಸಿದ ಬೆರಳುದ್ದದ ಎಳೆ ಕುಂಬಳಗಳ ತಟ್ಟೆಯನ್ನೂ ಇಸ್ಪೀಟಿನ ಕಟ್ಟನ್ನೂ ತೊಡೆಯ ಮೇಲಿಟ್ಟುಕೊಂಡು ಒಂಬತ್ತನೆಯ ಸಾಲಿನಲ್ಲೇ ಉಳಿದರು.

ಊಟದ ಹೊತ್ತು ಹತ್ತಿರವಾದಾಗ ಬಚಿಚ್ಚ ಗೌರವಾರ್ಥವಾಗಿ ಬಿಳಿ ಬಾವುಟವನ್ನು ಅರ್ಧಕ್ಕಿಳಿಸಿದ. ಬಿಳಿಯೆಂದರೆ ಈಜಬಹುದು, ಕೆಂಪೆಂದರೆ ಈಜಬಾರದು ಎಂದಷ್ಟೇ ತಿಳಿದಿದ್ದ ಜನ ಅರ್ಧ ಬಿಳಿಯನ್ನು ಕಂಡು ಗೊಂದಲಕ್ಕೆ ಬಿದ್ದು, ಸೊಂಟದವರೆಗೆ ನೀರಿನಲ್ಲಿ ನಿಂತರು. ಉಳಿದವರೆಲ್ಲ ದಡದಲ್ಲಿದ್ದ ಬಚಿಚ್ಚನ ಕೆಂಪು ದೋಣಿಯ ಸುತ್ತ ಸೇರಿದರು. ಎರ್ಮೆತೆ ಆ ದೋಣಿಯ ಮೇಲೆ ಹತ್ತಿ ಮಾತಾಡಬೇಕಿತ್ತು. ಬಿದ್ದು ಮಾನ ಹೋಗಬಾರದೆಂದು ಕಪ್ಪು ಕನ್ನಡಕ ತೆಗೆದು ಜೇಬಿನ ಕನ್ನಡಕ ಹಾಕಿಕೊಂಡ. ಈ ಬುದ್ಧಿ ಬೆಳಿಗ್ಗೆಯೇ ಬಂದಿದ್ದರೆ ಈ ಕಥೆ ಇರುತ್ತಿರಲಿಲ್ಲ.

"ಬಂಧುಗಳೇ, ವಕೀಲರು ಎಂಥವರು ಅಂತ ನಿಮಗೆ ಗೊತ್ತಿಲ್ಲ," ಎಂದು ಶುರುಮಾಡಿದ. ಅವನಿಗೂ ಗೊತ್ತಿರಲಿಲ್ಲವಾದ್ದರಿಂದ ಮಾತಿಗೆ ಯಾವ ಅಡ್ಡಿಯೂ ಬರಲಿಲ್ಲ. "ಬಡವರ ಮೊಕದ್ದಮೆಗಳನ್ನು ಪುಕ್ಕಟೆ ನಡೆಸ್ತಿದ್ರು! ಬೀದಿ ಬೆಕ್ಕುಗಳಿಗೆ ಕೈಯಾರೆ ಮೀನು ತಿನ್ನಿಸ್ತಿದ್ರು! ಒಮ್ಮೆ ನಾನು ಮುಳುಗ್ತಿದ್ದಾಗ ಕೋಟು ಬೂಟು ಸಮೇತ ನೀರಿಗೆ ಹಾರಿ ನನ್ನನ್ನ ಎಳ್ಕೊಂಡು ಬಂದ್ರು!"

"ಯಾವಾಗ?" ಎಂದ ಬಚಿಚ್ಚ, ಮುಖ ಕಪ್ಪಿಟ್ಟುಕೊಂಡು. "ಮುಳುಗೋರನ್ನ ಎಳೆಯೋದು ನನ್ನ ಕೆಲಸ."

"ನೀವು ಊಟಕ್ಕೆ ಹೋಗಿದ್ರಿ ಬಚಿಚ್ಚಣ್ಣ. ಅದಕ್ಕೇ ಅವರು ಯಾರಿಗೂ ಹೇಳ್ಲಿಲ್ಲ. ನಿಮ್ಮ ಮರ್ಯಾದೆ ಉಳಿಸಿದ್ರು!"

ಬಚಿಚ್ಚ ಟೋಪಿಯನ್ನು ಎದೆಗವಚಿಕೊಂಡ. ಪೆದೆಮೊಂತೆ ಬಿಕ್ಕಿ ಬಿಕ್ಕಿ ಅತ್ತರು. ಎರ್ಮೆತೆಗೆ ಹುರುಪೇರಿತು. ಕೈ ಮೇಲೆತ್ತಿ, ಜನರ ತಲೆಗಳಾಚೆ ದೂರಕ್ಕೆ ದೃಷ್ಟಿ ಹಾಯಿಸಿದ.

ಒಂಬತ್ತನೆಯ ಸಾಲಿನಲ್ಲಿ, ಅವನದೇ ಕುರ್ಚಿಯಲ್ಲಿ, ಬಿಳಿ ಸೂಟು ತೊಟ್ಟ ವಕೀಲ ಕಸ್ತಾಲ್ದಿ ಕುಳಿತಿದ್ದರು. ಎದುರಿಗೆ ಒರ್ಸೊಲಜ್ಜಿ. ವಕೀಲರ ಒಂದು ಕೈಯಲ್ಲಿ ತುಂಬಿದ ಕುಂಬಳ, ಇನ್ನೊಂದರಲ್ಲಿ ಇಸ್ಪೀಟು. ಮಾತು ನಿಂತದ್ದನ್ನು ಕಂಡು ಅವರು ತಲೆಯೆತ್ತಿ, ಇಸ್ಪೀಟನ್ನು ಕಿವಿಯ ಹಿಂದೆ ಹಿಡಿದು, ಇನ್ನಷ್ಟು ಗಟ್ಟಿಯಾಗಿ ಹೇಳು ಎಂದು ಸನ್ನೆ ಮಾಡಿದರು.

ಎರ್ಮೆತೆ ಒಂದು ಹೆಜ್ಜೆ ಹಿಂದಿಟ್ಟ. ದೋಣಿ ಓಲಾಡಿತು. "ಬಂಧುಗಳೇ, ಅವರು ಸತ್ತಿಲ್ಲ!" ಎಂದು ಕಿರುಚಿದ.

"ಇಲ್ಲ, ಸತ್ತಿಲ್ಲ!" ಎಂದು ಜನ ಒಕ್ಕೊರಲಿನಿಂದ ಕೂಗಿ ಚಪ್ಪಾಳೆ ತಟ್ಟಿದರು.

"ಹಾಗಲ್ಲ, ಇಲ್ಲೇ ಇದ್ದಾರೆ! ನಮ್ಮ ಮಧ್ಯೆ ಇದ್ದಾರೆ!"

"ಆಹಾ, ಎಂಥ ಮಾತು!" ಎಂದರು ಕೊಮೆಂದತೋರೆ, ಮೊದಲ ಬಾರಿಗೆ ಕಣ್ಣೊರೆಸಿಕೊಂಡು.

"ಅಯ್ಯೋ, ಒಂಬತ್ತನೇ ಸಾಲಲ್ಲಿದ್ದಾರೆ ಕಣ್ರೀ! ಕುಂಬಳ ತಿಂತಿದ್ದಾರೆ! ನಮ್ಮತ್ತೆ ಜೊತೆ ಇಸ್ಪೀಟಾಡ್ತಿದ್ದಾರೆ!"

ಜನ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. "ದುಃಖ ತಲೆಗೇರಿದೆ ಪಾಪ. ನೆರಳಿಗೆ ಕರ್ಕೊಂಡು ಹೋಗಿ, ನೀರು ಕೊಡಿ" ಎಂದರು ಪೆದೆಮೊಂತೆ. ನಾಲ್ವರು ಗಂಡಸರು ಅವನನ್ನು ಕಾಲು ಹಿಡಿದು ದೋಣಿಯಿಂದ ಇಳಿಸಲು ಮುಂದೆ ಬಂದರು.

ಆ ಕ್ಷಣಕ್ಕೆ ಹಿಂದಿನಿಂದ "ಸ್ಕೋಪ!" ಎಂದು, ಎಲೆಗಳನ್ನೆಲ್ಲ ಬಾಚಿಕೊಂಡ ಒರ್ಸೊಲಜ್ಜಿಯ ಗೆಲುವಿನ ಕೂಗು ಕೇಳಿತು. ಅದರ ಬೆನ್ನಿಗೇ ಮೂರು ಜಿಲ್ಲೆಗಳ ನ್ಯಾಯಾಲಯಗಳನ್ನು ನಡುಗಿಸಿದ್ದ ಒಂದು ದನಿ ಗುಡುಗಿತು: "ಮೋಸ! ಇದು ಶುದ್ಧ ಮೋಸ!"

ಇಡೀ ಬೀಚು ಹಿಂದಕ್ಕೆ ತಿರುಗಿ ನೋಡಿತು. ಪೆದೆಮೊಂತೆ ಮೂರ್ಛೆ ಹೋಗಿ ಕೊಮೆಂದತೋರೆಯ ಮೇಲೆ ಬಿದ್ದರು. ಭಾರ ತಾಳಲಾರದೆ ಕೊಮೆಂದತೋರೆ ಮೂರನೆಯ ಸಾಲಿನ ಮೇಲೆ ಬಿದ್ದರು. ಸೊಂಟದವರೆಗೆ ನೀರಿನಲ್ಲಿದ್ದವರು ಇದೇ ಬಾವುಟದ ಅರ್ಥವೆಂದು ತಿಳಿದು ದಡಕ್ಕೆ ಓಡಿಬಂದರು.

ಜನ ದಡಬಡನೆ ಒಂಬತ್ತನೆಯ ಸಾಲಿಗೆ ನುಗ್ಗಿದರು. ವಕೀಲರು ಎಲೆಗಳಿಂದ ಕಣ್ಣು ತೆಗೆಯದೆ ಕೈ ಎತ್ತಿ ತಡೆದರು. "ಒಂದು ನಿಮಿಷ ತಡೀರಿ. ಎಲ್ಲಕ್ಕಿಂತ ಬೆಲೆಯ ಎಲೆ, ಬಂಗಾರದ ಏಳು, ನನ್ನ ಕೈಲಿದೆ, ಇದೊಂದು ಆಟ ಬಿಡಲ್ಲ." ಎಲ್ಲರೂ ಉಸಿರು ಬಿಗಿಹಿಡಿದು ನಿಂತರು. ಆಟ ಮುಗಿಯಿತು, ವಕೀಲರು ಸೋತರು, ಆಮೇಲೆ ತಲೆಯೆತ್ತಿದರು.

"ಸತ್ತಿದ್ದು ನನ್ನ ಗೆಳೆಯ, ಜೆನೋವಾದಲ್ಲಿ. ಮಣ್ಣಿಗೆ ಹೋಗಿದ್ದೆ. ಅವನು ಹುಟ್ಟಿದೂರು ಅಂತ ಇಲ್ಲಿ ಗೋಡೆಗೆ ನನ್ನ ಹೆಸರಲ್ಲಿ ಕಾಗದ ಹಚ್ಚಿಸಿದ್ದೆ. ಅದನ್ನ ಓದಿ ನನ್ನನ್ನೇ ಮಣ್ಣು ಮಾಡಿದ ಮಹಾನುಭಾವ ಯಾರು?"

ಎಲ್ಲರ ಬೆರಳೂ ಒಂದೇ ಕಡೆ ತಿರುಗಿತು.

"ಹೊರಗೆ ಹಾಕಿ ಇವನನ್ನ!" ಎಂದು ಕೊಮೆಂದತೋರೆ ಮರಳು ಝಾಡಿಸಿಕೊಳ್ಳುತ್ತ ಗುಡುಗಿದರು. "ಒಂಬತ್ತನೇ ಸಾಲೂ ಬೇಡ, ಹತ್ತನೇದೂ ಬೇಡ. ಈ ಬೀಚಿನಲ್ಲೇ ಕಾಲಿಡಬಾರದು!"

"ನನ್ನ ಊಟದ ಹೊತ್ತನ್ನ ಊರ ಮುಂದೆ ಇಟ್ಟ!" ಎಂದ ಬಚಿಚ್ಚ.

ಎರ್ಮೆತೆ ಕಡಲಿನತ್ತ ನೋಡಿದ. ಅಷ್ಟು ದೂರದಲ್ಲಿ ದೆಲ್ಫೀನಾ ಆಗಲೇ ಎದ್ದು ನಿಂತಿದ್ದಳು. ಟವೆಲು ಮಡಿಸುತ್ತಿದ್ದಳು, ಕಣ್ಣು ಮಾತ್ರ ನೀರಿನ ಮೇಲಿತ್ತು. ಅವನಿಗೆ ಕೆಡುಕೆನಿಸಿತು. ತನ್ನ ಮಾನ ಹೋದದ್ದಕ್ಕಲ್ಲ, ಅದು ಎಂದೂ ಹೆಚ್ಚಿಗೆ ಇರಲಿಲ್ಲ. ಅವಳಿಗೆ ಸಿಕ್ಕದ್ದು ಅರ್ಧ ಮಧ್ಯಾಹ್ನವೂ ಆಗಲಿಲ್ಲವಲ್ಲ ಎಂದು.

"ವಕೀಲ್ರೇ, ತಪ್ಪಾಯ್ತು," ಎಂದ. "ನೀವು ನನ್ನ ಹತ್ರ ಆಡಿದ್ದು ಒಂದೇ ಮಾತು, ಬಿಸಿಲಿಗೆ ಅಡ್ಡ ಅಂತ. ಉಳಿದಿದ್ದೆಲ್ಲ ನಾನೇ ಕಟ್ಟಿದ್ದು. ನನ್ನನ್ನ ಓಡ್ಸಿ. ಆದರೆ ನನ್ನ ಹೆಂಡ್ತೀನ ಸಂಜೆವರೆಗೆ ಆ ಕುರ್ಚೀಲಿ ಕೂರೋಕೆ ಬಿಡಿ. ಅವಳಿಗೆ ಕಡಲು ನೋಡ್ಬೇಕಂತೆ."

ವಕೀಲರು ಅವನನ್ನು ಮೇಲಿಂದ ಕೆಳಗೆ ನೋಡಿದರು. "ಬೆಕ್ಕುಗಳಿಗೆ ಮೀನು ಹಾಕ್ತಿದ್ದೆ ಅಂದೆಯಲ್ಲ. ನನಗೆ ಬೆಕ್ಕು ಕಂಡ್ರೆ ಆಗಲ್ಲ."

"ಕ್ಷಮಿಸಿ."

"ಪರವಾಗಿಲ್ಲ, ಚೆನ್ನಾಗಿತ್ತು. ನಾಳೆಯಿಂದ ಒಂದೆರಡಕ್ಕೆ ಹಾಕಿ ನೋಡ್ತೀನಿ." ಅವರು ಜನರತ್ತ ತಿರುಗಿದರು. "ಮೂವತ್ತು ವರ್ಷ ಮುಂದಿನ ಸಾಲಲ್ಲಿ ಕೂತೆ. ನನ್ನ ಮುಂದೆ ಕಡಲು, ಅದು ಮಾತಾಡಲ್ಲ. ಹಿಂದೆ ನೀವು. ಬೆಳಿಗ್ಗೆ ನಮಸ್ಕಾರ ಹೇಳ್ತೀರಿ, ಆಮೇಲೆ ಇಡೀ ದಿನ ಈ ಮುದುಕ ಯಾವಾಗ ಸಾಯ್ತಾನೆ ಅಂತ ನನ್ನ ಬೆನ್ನು ನೋಡ್ತೀರಿ. ಇವತ್ತು ಬರ್ತಿದ್ದ ಹಾಗೆ ಈ ತಾಯಿ, ನಾನು ಯಾರು ಅಂತಾನೂ ಕೇಳದೆ, ‘ಯಾರೋ ವಕೀಲ ಸತ್ತನಂತೆ, ನೀನು ಕೂತ್ಕೊ, ತಿನ್ನು’ ಅಂದ್ರು. ಆಮೇಲೆ ಆಟದಲ್ಲಿ ನನಗೆ ಮೋಸ ಮಾಡಿದ್ರು."

"ಮೋಸ ಅಂತೆ!" ಎಂದರು ಒರ್ಸೊಲಜ್ಜಿ. "ಬಿದ್ದ ಎಲೆ ನೆನಪಿಟ್ಟುಕೊಳ್ಳೋಕೆ ಬರ್ದೆ ಇದ್ರೆ ಆಡ್ಬಾರ್ದಪ್ಪ. ಹೋಗು, ನಿನ್ನ ದೊಡ್ಡ ಕುರ್ಚೀಲಿ ಕೂತು ಗಾಳಿ ಹೊಡಿಸ್ಕೊ."

"ಹೋಗಲ್ಲ. ಸೋತಿದ್ದನ್ನ ಗೆಲ್ಲೋವರೆಗೂ ನಾನು ಇಲ್ಲೇ." ವಕೀಲರು ಎಲೆ ಕಲೆಸತೊಡಗಿದರು. "ಬಚಿಚ್ಚ, ಸತ್ತವನ ಆಸ್ತಿ ಸತ್ತವನು ಹೇಳಿದ ಹಾಗೆ ಹೋಗ್ಬೇಕು. ನನ್ನ ಕೊಡೆ ಆ ಹೆಣ್ಣುಮಗಳಿಗೆ. ಇವನೂ ಬೇಕಾದ್ರೆ ಪಕ್ಕದಲ್ಲಿ ಕೂತ್ಕೊಳ್ಳಲಿ, ಬಿಸಿಲಿಗೆ ಅಡ್ಡ ನಿಲ್ಲದೆ ಇದ್ರೆ ಸಾಕು."

ಕಥೆ ಇಲ್ಲಿಗೆ ಮುಗಿದಿದ್ದರೆ ಸಾನ್‌ರೆಮೊ ಸಾನ್‌ರೆಮೊ ಆಗಿರುತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಕೊಮೆಂದತೋರೆ ಬಚಿಚ್ಚನನ್ನು ಪಕ್ಕಕ್ಕೆ ಕರೆದು, ತಮಗೂ ಈಚೆಗೆ ಕತ್ತಿಗೆ ಗಾಳಿ ಹೊಡೆಯುತ್ತಿದೆ, ಹಿಂದೆ ಎಲ್ಲಾದರೂ ಜಾಗವಿದೆಯೇ ಎಂದು ಕೇಳಿದರು. ಅದು ಪೆದೆಮೊಂತೆಯವರ ಕಿವಿಗೆ ಬಿತ್ತು. ಮಧ್ಯಾಹ್ನದೊಳಗೆ ಅವರು ಎಂಟನೆಯ ಸಾಲಿನವರಿಗೆ ತಮ್ಮ ಎರಡನೆಯ ಸಾಲನ್ನು ಬಿಟ್ಟುಕೊಟ್ಟು, ನಲ್ಲಿಯ ನೀರು ಸಿಡಿಯುವಲ್ಲಿ ಕುರ್ಚಿ ಹಾಕಿಸಿಕೊಂಡು, ವಕೀಲರ ಎಲೆಗಳನ್ನು ಇಣುಕಿ ನೋಡುತ್ತ ಕುಳಿತರು. ವಕೀಲರಿರುವ ಸಾಲೇ ಮೊದಲ ಸಾಲು ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ವಾರ ಕಳೆಯುವಷ್ಟರಲ್ಲಿ ಉಳಿದವರೂ ಹಿಂದಕ್ಕೆ ಸರಿದರು, ನಲ್ಲಿಯ ಬಳಿಯ ಜಾಗಕ್ಕಾಗಿ ಎರಡು ಮನೆತನಗಳು ಮಾತು ಬಿಟ್ಟವು. ಒರ್ಸೊಲಜ್ಜಿಗೆ ಬೆಳಗಿನ ನಮಸ್ಕಾರ ಸ್ವೀಕರಿಸಿ ಸ್ವೀಕರಿಸಿಯೇ ಕತ್ತು ನೋವು ಬಂತು.

ಮುಂದಿನ ಸಾಲುಗಳಲ್ಲಿ ಬರೀ ಖಾಲಿ ಕೊಡೆಗಳು. ಅವುಗಳ ನಡುವೆ ಗಂಡ ಹೆಂಡತಿ ಇಬ್ಬರೇ. ಎರ್ಮೆತೆ ಕುರ್ಚಿಯಲ್ಲಿ ಕಡಲಿಗೆ ಬೆನ್ನು ಹಾಕಿ ಕುಳಿತು, ಹಿಂದಿನ ಗದ್ದಲವನ್ನೇ ನೋಡುತ್ತ ಚಡಪಡಿಸುತ್ತಿದ್ದ.

"ನೋಡೇ, ದೊಡ್ಡವರೆಲ್ಲ ಅಲ್ಲಿದ್ದಾರೆ. ನಾವು ಮತ್ತೆ ಕೊನೇ ಸಾಲಿಗೆ ಬಿದ್ವಲ್ಲ! ಬಚಿಚ್ಚಣ್ಣನ್ನ ಕೇಳ್ಲಾ? ಕಕ್ಕಸಿನ ಪಕ್ಕ ಒಂದು ಜಾಗ ಇದೆಯಂತೆ, ಅತ್ತೆ ಒಂದು ಮಾತು ಹೇಳಿದ್ರೆ..."

ದೆಲ್ಫೀನಾ ಎದ್ದಳು. ಕುರ್ಚಿಯ ಕೈಹಿಡಿ ಹಿಡಿದು ಗಂಡನನ್ನು ಕುರ್ಚಿ ಸಮೇತ ಕಡಲಿನತ್ತ ತಿರುಗಿಸಿದಳು. ಇಷ್ಟು ವರ್ಷ ಸಾನ್‌ರೆಮೊಗೆ ಬಂದರೂ ಎರ್ಮೆತೆ ನೋಡಿದ್ದು ಮುಂದಿನ ಸಾಲನ್ನೇ ಹೊರತು ಅದರಾಚೆ ಇರುವುದನ್ನಲ್ಲ. ಈಗ ಮುಂದೆ ಸಾಲೇ ಇರಲಿಲ್ಲ. ಅವನು ಕನ್ನಡಕ ಒರೆಸಿಕೊಂಡು ಒಮ್ಮೆ ನೋಡಿದ, ಇನ್ನೊಮ್ಮೆ ನೋಡಿದ. ಒಂದು ಅಲೆ ಬಂದು ಬೂಟಿನೊಳಗೆ ನೀರು ತುಂಬಿಸಿ ಹೋಯಿತು. ಅವನು ಮಗುವಿನಂತೆ ನಕ್ಕುಬಿಟ್ಟ.

"ಎಷ್ಟು ಚೆನ್ನಾಗಿದೆಯೇ ಇದು!" ಎಂದು ಕೂಗಿದ.

ದೆಲ್ಫೀನಾ ಥಟ್ಟನೆ ಅವನ ಬಾಯಿಗೆ ಕೈ ಅಡ್ಡ ಹಿಡಿದಳು. "ಮೆಲ್ಲಗೆ ಹೇಳಿ, ಹಿಂದಿನೋರಿಗೆ ಕೇಳಿಸೀತು!"